ಕೆಳಗೆ ಯಾರೂ ಇಲ್ಲದ ನೆಲೆ

ನನ್ನ ತಮ್ಮ ಎತ್ತಿದ ಕಬ್ಬಿಣದ ಕೆಳಗೆ ನನ್ನ ಗಂಡ ಹನ್ನೊಂದು ವರ್ಷ ನಿಂತರು. ನಮ್ಮ ಎರಡು ಮನೆಗಳ ಒಲೆ ಉರಿದದ್ದು ಅದರಿಂದಲೇ. ತಮ್ಮ ಟವರ್ ಕ್ರೇನಿನ ತುದಿಯಲ್ಲಿ, ಒಬ್ಬರೇ ಕೂರುವಷ್ಟು ಜಾಗದ ಗಾಜಿನ ಗೂಡಿನಲ್ಲಿ ಕೂತು ಎರಡು ಹಿಡಿಗಳನ್ನು ಆಡಿಸುತ್ತಿದ್ದ. ನಮ್ಮವರು ನೆಲದ ಮೇಲೆ ಹಸಿರು ಜಾಕೀಟು ತೊಟ್ಟು, ವಾಕಿ-ಟಾಕಿಯಲ್ಲಿ "ಎತ್ತು, ನಿಧಾನ, ಎಡಕ್ಕೆ, ಸಾಕು" ಎಂದು ದಾರಿ ಹೇಳುತ್ತಿದ್ದರು. ನಾನು ಅದೇ ಕಟ್ಟಡದ ಗೇಟಿನ ಪಕ್ಕ ತಗಡಿನ ಗೂಡಂಗಡಿಯಲ್ಲಿ ಚಹಾ ಕಾಯಿಸುತ್ತಿದ್ದೆ. ಈಗಲೂ ಕಾಯಿಸುತ್ತೇನೆ. ಒಂದು ಕಟ್ಟಡ ಮುಗಿದರೆ ಮೂವರೂ ಮುಂದಿನ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದೆವು.

ತಮ್ಮನನ್ನು ಕೆಲಸದವರೆಲ್ಲ ಅಟ್ಟದಣ್ಣ ಎನ್ನುತ್ತಿದ್ದರು. ಬೆಳಿಗ್ಗೆ ಏಳಕ್ಕೆ ಏಣಿ ಹತ್ತಿದರೆ ಊಟ, ನೀರು ಎಲ್ಲ ಮೇಲೆಯೇ. ಗಾಳಿ ಜೋರಾದಾಗ ಮಾತ್ರ ಹೊತ್ತಿಗೆ ಮುಂಚೆ ಇಳಿಯುತ್ತಿದ್ದ. ಹಾಗಾಗಿ ಅವನ ಕಾಲು ಏಣಿಯ ಮೇಲೆ ಕಂಡರೆ ಸಾಕು, "ಅಟ್ಟದಣ್ಣ ಇಳೀತಿದ್ದಾನೆ, ಒಣಹಾಕಿರೋ ಬಟ್ಟೆ ತಗೊಳ್ರೋ" ಎಂದು ಯಾರಾದರೂ ಕೂಗುತ್ತಿದ್ದರು.

ಚಿಕ್ಕಂದಿನಿಂದಲೂ ಅವನದು ಕದಲದ ಕೈ. ಅಮ್ಮನಿಗೆ ಕಣ್ಣು ಮಂಜಾದ ಮೇಲೆ ಸೂಜಿಗೆ ದಾರ ಪೋಣಿಸಲು ಅವಳು ನನ್ನನ್ನು ಕರೆಯುತ್ತಿರಲಿಲ್ಲ, ಅವನನ್ನು ಕರೆಯುತ್ತಿದ್ದಳು. ನಾನು ಮೂರು ಸಲ ಎಂಜಲು ಹಚ್ಚಿ ಹೊಸೆದರೂ ಆಗದ್ದು ಅವನಿಗೆ ಒಂದೇ ಸಲಕ್ಕೆ. ಓದು ಅವನ ತಲೆಗೆ ಹತ್ತಲಿಲ್ಲ, ನನ್ನನ್ನು ಶಾಲೆಗೆ ಕಳಿಸಲೇ ಇಲ್ಲ. ನಾನು ಅಕ್ಷರ ಕಲಿತದ್ದು ಸಾಮಾನು ಕಟ್ಟಿಕೊಟ್ಟ ಕಾಗದಗಳಿಂದ. ಅವನು ಬದುಕು ಕಲಿತದ್ದು ಕೈಯಿಂದ.

ಅವನಿಗೆ ಕ್ರೇನು ಕಲಿಸಿದ ಮುದುಕ ಒಂದು ಪಾಠ ಹೇಳಿಕೊಟ್ಟಿದ್ದ. ದಿನದ ಮೊದಲ ಭಾರ ಎತ್ತುವ ಮುಂಚೆ ಕೊಕ್ಕೆಗೆ ಒಂದು ಬಕೆಟ್ ನೀರು ಕಟ್ಟಬೇಕು. ಕಂಠಮಟ್ಟ ತುಂಬಿರಬೇಕು. ಅದನ್ನು ಎತ್ತಿ, ಒಂದು ಸುತ್ತು ತಿರುಗಿಸಿ, ಜೋಡಿಸಿಟ್ಟ ಎರಡು ಒಣ ಇಟ್ಟಿಗೆಗಳ ಮೇಲೆ ಇಳಿಸಬೇಕು. ಇಟ್ಟಿಗೆ ಒದ್ದೆಯಾದರೆ ಆ ದಿನ ಮನುಷ್ಯರ ತಲೆಯ ಮೇಲೆ ಏನನ್ನೂ ಎತ್ತಬಾರದು. ಬೇರೆ ಕ್ರೇನಿನವರು ಇದನ್ನು ಮಾಡುವುದಿಲ್ಲ. ಮೇಸ್ತ್ರಿಗಳು ನಗುತ್ತಿದ್ದರು, ಐದು ನಿಮಿಷದ ಕೆಲಸ ಎಂದು ಸುಮ್ಮನಿರುತ್ತಿದ್ದರು. ಹನ್ನೊಂದು ವರ್ಷದಲ್ಲಿ ಇಟ್ಟಿಗೆಯ ಮೇಲೆ ನಾನು ಒಂದು ಹನಿ ಕಂಡಿರಲಿಲ್ಲ. ನೀರು ನನ್ನ ಅಂಗಡಿಯ ನಲ್ಲಿಯದು. ತುಂಬಿಸಿಕೊಂಡು ಹೋಗುತ್ತಿದ್ದವರು ನಮ್ಮವರು.

ನಮ್ಮದೂ ತಮ್ಮನದೂ ಒಂದೇ ಮಹಡಿಯಲ್ಲಿ ಎದುರುಬದುರು ಬಾಗಿಲು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಾವಿಬ್ಬರೂ ಅವರ ಮನೆಗೆ ಹೋಗುತ್ತಿದ್ದೆವು. ಕಿಟಕಿಯ ಪಕ್ಕ ಅವನ ಮೇಜು, ಅದರ ಮೇಲೆ ದೊಡ್ಡ ಪರದೆ, ಕ್ರೇನಿನಲ್ಲಿದ್ದ ಹಾಗೆಯೇ ಎರಡು ಹಿಡಿಗಳು. ಅದು ಆಕಾಶದಲ್ಲಿ ಹಡಗು ಓಡಿಸುವ ಆಟ. ಬೇರೆ ಬೇರೆ ದೇಶಗಳ ಜನ ಅವರವರ ಮನೆಯಲ್ಲಿ ಕೂತು ಒಟ್ಟಿಗೆ ಆಡುತ್ತಾರೆ. ಅವನ ಹತ್ತಿರ ಒಂದು ಸಣ್ಣ ಹಡಗಿತ್ತು. ತಿರುಗುತ್ತಿರುವ ದೊಡ್ಡ ಬಂದರಿಗೆ ಒಂದು ಕಿರಿದಾದ ಬಾಯಿ, ಆ ಬಾಯೊಳಗೆ ಹಡಗನ್ನು ನುಗ್ಗಿಸಿ ಇಳಿಸಬೇಕು. ಅವನು ಇಳಿಸುವುದನ್ನು ನೋಡಲೆಂದೇ ನಾನು ಕೂರುತ್ತಿದ್ದೆ. ತೊಟ್ಟಿಲಲ್ಲಿ ಮಗುವನ್ನು ಮಲಗಿಸಿದ ಹಾಗಿರುತ್ತಿತ್ತು.

ಹನ್ನೊಂದನೆಯ ವರ್ಷ ಕೆಲವು ಭಾನುವಾರ ಅವನು ಆಟ ಹಚ್ಚಲೇ ಇಲ್ಲ. ಆಮೇಲೆ ಒಂದು ಭಾನುವಾರ ಹೋದಾಗ ಪರದೆಯ ಮೇಲೆ ಬೇರೆ ಏನೋ ಇತ್ತು. ಉದ್ದನೆಯ, ಬೂದು ಬಣ್ಣದ, ಕಿಟಕಿಗಳಿಲ್ಲದ ಕಾರ್ಖಾನೆಯ ಹಾಗೆ. ಕದಲುತ್ತಲೂ ಇರಲಿಲ್ಲ.

"ಇದೇನೋ ಇದು?" ಎಂದೆ.

"ನೆಲೆ ಅಕ್ಕ. ಓಡಾಡೋ ನೆಲೆ. ನನ್ನದೇ. ಎರಡು ವರ್ಷ ಆಡಿ ಸಂಪಾದಿಸಿದ್ದೆಲ್ಲ ಹಾಕಿ ಕೊಂಡೆ. ಹದಿನಾರು ಹಡಗು ಇದರ ಬೆನ್ನ ಮೇಲೆ ಇಳೀಬಹುದು. ನಾನು ಹೊರಟರೆ ಅವೆಲ್ಲ ನನ್ನ ಜೊತೆ ಬರ್ತವೆ."

ಅವನ ಹೆಂಡತಿ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಮಾಡುವವಳು. ದಿನವಿಡೀ ಹಬೆಯಲ್ಲಿ ನಿಂತು ಬಂದರೂ ಬಾಯಿ ಮಾತ್ರ ಬಾಡುವುದಿಲ್ಲ. ಅಡುಗೆಮನೆಯಿಂದಲೇ ಹೇಳಿದಳು: "ನನ್ನ ಸವತಿ, ಅತ್ತಿಗೆ. ಚೆನ್ನಾಗಿ ನೋಡ್ಕೊಳಿ. ಅವಳಿಗೆ ವಾರ ವಾರ ಖರ್ಚಿಗೆ ಕೊಡಬೇಕಂತೆ. ಕೊಡದೇ ಇದ್ರೆ ಬಿಚ್ಚಿ ಮಾರಿಬಿಡ್ತಾರಂತೆ. ನಾನು ಹದಿನಾಲ್ಕು ವರ್ಷದಿಂದ ಇಲ್ಲಿದ್ದೀನಿ, ನನಗ್ಯಾರೂ ಹಾಗೆ ವಾರದ ಖರ್ಚು ಕೊಟ್ಟಿಲ್ಲ."

"ನಿನ್ನ ಬಿಚ್ಚಿ ಮಾರಿದ್ರೆ ಯಾರು ತಗೋತಾರೆ?" ಎಂದ ತಮ್ಮ.

"ತಗೊಳ್ಳೋರಿಗೇನು ಬರ ಇಲ್ಲ. ನಿಮ್ಮನ್ನ ಜೊತೆಗೆ ಕೊಡ್ತೀವಿ ಅಂದ್ರೆ ಓಡಿಹೋಗ್ತಾರೆ."

ನಮ್ಮವರು ನಗಲಿಲ್ಲ. ಪರದೆಯನ್ನೇ ನೋಡುತ್ತಿದ್ದರು. "ಇದನ್ನ ಓಡಿಸೋದು ಹೇಗೆ?" ಎಂದು ಕೇಳಿದರು.

"ಓಡಿಸೋದೇನಿಲ್ಲ ಭಾವ. ನಕ್ಷೆಯಲ್ಲಿ ನಕ್ಷತ್ರ ತೋರಿಸಿ ಒಂದು ಗುಂಡಿ ಒತ್ತಬೇಕು. ಹದಿನೈದು ನಿಮಿಷ ಕಾಯಬೇಕು. ತಾನೇ ಹೋಗುತ್ತೆ."

"ಹಿಡಿ?"

"ಹಿಡಿ ಬೇಡ."

ಹಾಗೆಂದು ಅವನು ಎರಡೂ ಹಿಡಿಗಳನ್ನು ಮೇಜಿನ ಹಿಂದಕ್ಕೆ ಸರಿಸಿದ. ನನಗೆ ಯಾಕೋ ಹಿಡಿಸಲಿಲ್ಲ. "ಸಣ್ಣದನ್ನ ಒಂದು ಸಲ ಇಳಿಸಿ ತೋರಿಸೋ" ಎಂದೆ. "ಅದು ಹಳೇದಾಯ್ತು ಅಕ್ಕ" ಎಂದ. ಹದಿನೈದು ನಿಮಿಷ ಎಣಿಕೆ ನಡೆಯಿತು. ನಾವು ನಾಲ್ವರೂ ಪರದೆಯ ಮೂಲೆಯಲ್ಲಿ ಇಳಿಯುತ್ತಿದ್ದ ಅಂಕಿಗಳನ್ನು ನೋಡಿದೆವು. ಕೊನೆಗೆ ಬೆಳಕು ಎಳೆದುಕೊಂಡು ಹೋದಂತಾಗಿ, ಅದೇ ಬೂದು ಕಾರ್ಖಾನೆ ಇನ್ನೊಂದು ಸೂರ್ಯನ ಪಕ್ಕ ನಿಂತಿತ್ತು.

"ಇಷ್ಟಕ್ಕಾ?" ಎಂದಳು ಅವನ ಹೆಂಡತಿ.

ಅವನು ಚಹಾದ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಬಗ್ಗಿ ಕುಡಿದ. ಸಂಜೆ ಕೈಮುಗಿದು ಕೂತಾಗ ನನ್ನ ಮನಸ್ಸು ದೇವರ ಹತ್ತಿರ ನಿಲ್ಲಲಿಲ್ಲ. ಆ ಎರಡು ಕೈಗಳ ಹತ್ತಿರವೇ ಸುತ್ತುತ್ತಿತ್ತು.

ಮುಂದಿನ ವಾರ ನನ್ನ ಕನ್ನಡಕದ ಕಾಲು ಮುರಿಯಿತು. ನಮ್ಮ ಬೀದಿಯ ತಿರುವಿನಲ್ಲಿ ಕನ್ನಡಕದ ಅಂಗಡಿ ಇದೆ. ಅಂಗಡಿಯವರು ತಮ್ಮನ ಆಟದ ಗೆಳೆಯರು, ವಯಸ್ಸು ಐವತ್ತರ ಮೇಲೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆಯೇ ಆಡುತ್ತಾರೆ. ಸಣ್ಣ ತಿರುಪು ಕೂರಿಸುತ್ತಾ ಅವರು ತಾವಾಗಿಯೇ ಮಾತು ತೆಗೆದರು.

"ನಿಮ್ಮ ತಮ್ಮನಿಗೆ ಬುದ್ಧಿ ಹೇಳಿ ಅಮ್ಮಾ. ಆ ನೆಲೆ ಕೊಂಡು ಹಾಳಾದ."

"ಯಾಕೆ, ಒಳ್ಳೇದಲ್ವಾ ಅದು?"

"ಯಾರಿಗೆ ಒಳ್ಳೇದು ಅನ್ನೋದು ಮುಖ್ಯ. ಮೂವತ್ತು ಜನರ ಗುಂಪು ಇದ್ರೆ ಒಳ್ಳೇದು. ಎಲ್ಲರ ಹಡಗೂ ಒಂದೇ ಕಡೆ ಇರುತ್ತೆ, ದೂರ ಹೋಗಬಹುದು, ಸರಕು ಇಟ್ಟು ಮಾರಬಹುದು. ನಾವಿರೋದು ಐದು ಜನ. ಅದಕ್ಕೆ ಇಂಧನ ತುಂಬಿಸೋದೇ ನಮಗೆ ಕೆಲಸ. ನಾನು ನಕ್ಷತ್ರ ನೋಡೋಕೆ ಅಂತ ಆಟಕ್ಕೆ ಬಂದೋನು, ಈಗ ಬಿಂದಿಗೆ ಹೊರೋ ಹಾಗೆ ಇಂಧನ ಹೊರ್ತಿದ್ದೀನಿ."

"ಮತ್ತೆ ಯಾಕೆ ಕೊಂಡ?"

ಅವರು ತಿರುಪುಳಿಯನ್ನು ಕೆಳಗಿಟ್ಟರು. "ಅದೇ ನನಗೂ ತಿಳೀಲಿಲ್ಲ. ನಮ್ಮಲ್ಲಿ ಹಡಗು ಇಳಿಸೋದ್ರಲ್ಲಿ ಅವನ ಸಮ ಯಾರೂ ಇರಲಿಲ್ಲ. ಎರಡು ತಿಂಗಳ ಹಿಂದೆ ಒಂದೇ ವಾರದಲ್ಲಿ ನಾಲ್ಕು ಸಲ ಬಂದರಿನ ಬಾಯಿಗೆ ಗುದ್ದಿದ. ನಾನು ತಮಾಷೆ ಮಾಡಿದೆ, ಏನಯ್ಯಾ ಮುದುಕ ಆದೆಯಾ ಅಂತ. ಅವನು ನಗಲಿಲ್ಲ. ಆಮೇಲೆ ಸಣ್ಣ ಹಡಗು ಹತ್ತಲೇ ಇಲ್ಲ. ಆ ನೆಲೆಗೆ ಕೈ ಬೇಡ ನೋಡಿ. ಕೂತಿದ್ರೆ ಸಾಕು."

ಅವರು ಕನ್ನಡಕವನ್ನು ಒರೆಸಿ ನನ್ನ ಮುಖಕ್ಕೆ ಇಟ್ಟರು. ಎದುರಿನ ಗೋಡೆಯ ಅಕ್ಷರಗಳೆಲ್ಲ ಒಮ್ಮೆಗೇ ಸ್ಪಷ್ಟವಾದವು. ನನಗೆ ಅವು ಬೇಕಿರಲಿಲ್ಲ. ನಾನು ಯೋಚಿಸುತ್ತಿದ್ದುದು ಒಂದೇ: ಆಟದಲ್ಲಿ ಕೈ ಸೋತಾಗ ಅವನು ಹಿಡಿ ಬಿಟ್ಟ. ಕ್ರೇನಿನಲ್ಲಿ ಬಿಟ್ಟಿಲ್ಲ. ಅದರ ಕೆಳಗೆ ನನ್ನ ಗಂಡ ಇದ್ದಾರೆ.

ಮಾರನೆಯ ದಿನದಿಂದ ಅಂಗಡಿಯಲ್ಲಿ ಹಾಲು ಉಕ್ಕತೊಡಗಿತು. ನನ್ನ ಕಣ್ಣು ಒಲೆಯ ಮೇಲೆ ಇರುತ್ತಿರಲಿಲ್ಲ. ಕಂಬಿಯ ಕಂತೆಗಳು ಮೇಲೇರುವಾಗ ಸರಿಯಾಗಿಯೇ ಏರುತ್ತಿದ್ದವು. ಇಳಿಯುವಾಗ, ಕೊನೆಯ ಎರಡಾಳು ಎತ್ತರದಲ್ಲಿ, ಇಂಚು ಇಂಚಾಗಿ ಬಿಡಬೇಕಾದ ಕಡೆ, ಒಂದು ಸಣ್ಣ ಜಗ್ಗು. ಕಂತೆಯ ತುದಿ ಅತ್ತಿತ್ತ ತೂಗುತ್ತಿತ್ತು. ಹೊಸಬರಿಗೆ ತಿಳಿಯುತ್ತಿರಲಿಲ್ಲ. ಹನ್ನೊಂದು ವರ್ಷ ನೋಡಿದವರಿಗೆ ತಿಳಿಯುತ್ತಿತ್ತು. ಗುರುವಾರ ಒಂದು ಕಂತೆ ಕಂಬಕ್ಕೆ ತಾಗಿ ಸಿಮೆಂಟಿನ ಚೂರು ಉದುರಿತು. ಅಂದು ಸಂಜೆ ನಮ್ಮವರ ಜಾಕೀಟಿನ ಹೆಗಲಲ್ಲಿ ಅಂಗೈ ಉದ್ದದ ಬೂದು ಗೀರು ಇತ್ತು.

"ಇದೇನು ರೀ?"

"ಗಾಳಿ ಇತ್ತು" ಎಂದರು.

ಗಾಳಿ ಇರಲಿಲ್ಲ. ನನ್ನ ಅಂಗಡಿಯ ಒಲೆಯ ಹೊಗೆ ಇಡೀ ದಿನ ನೆಟ್ಟಗೆ ಎದ್ದಿತ್ತು.

ಆದರೂ ಬೆಳಗಿನ ಬಕೆಟ್ ಚೆಲ್ಲುತ್ತಿರಲಿಲ್ಲ. ಅದೇ ನನಗೆ ಬಿಡಿಸಲಾಗದ ಗಂಟು. ಕಂಬಿ ಜಗ್ಗುವ ಕೈ ನೀರನ್ನು ಹೇಗೆ ಕಾಪಾಡುತ್ತದೆ? ಶುಕ್ರವಾರ ಬೆಳಿಗ್ಗೆ ನಮ್ಮವರು ನಲ್ಲಿಯ ಕೆಳಗೆ ಬಕೆಟ್ ಇಟ್ಟಾಗ ನಾನು ಲೋಟ ತೊಳೆಯುವ ನೆಪದಲ್ಲಿ ಪಕ್ಕಕ್ಕೆ ಬಂದೆ. ನೀರು ಮುಕ್ಕಾಲಿಗೆ ಬಂತು. ಅವರು ನಲ್ಲಿ ನಿಲ್ಲಿಸಿದರು. ಸುತ್ತ ನೋಡಿದರು. ನನ್ನ ಕಣ್ಣಿಗೆ ಅವರ ಕಣ್ಣು ಸಿಕ್ಕಿತು. ಬಕೆಟ್ ಎತ್ತಿಕೊಂಡು ಹೋದರು. ಅಷ್ಟೆತ್ತರದಿಂದ ನೀರು ಎಷ್ಟಿದೆ ಎಂದು ತಮ್ಮನಿಗೆ ಕಾಣುವುದಿಲ್ಲ. ಅವನಿಗೆ ಕಾಣುವುದು ಇಟ್ಟಿಗೆಯ ಬಣ್ಣ ಮಾತ್ರ.

ಸಂಜೆ ನಾನು ಅಕ್ಕಿ ಆರಿಸುತ್ತಿದ್ದೆ. ಅವರೇ ಬಂದು ಎದುರಿಗೆ ಕೂತರು.

"ಎಷ್ಟು ದಿನದಿಂದ?" ಎಂದೆ.

"ಎರಡು ತಿಂಗಳು. ಒಂದು ಬೆಳಿಗ್ಗೆ ಇಟ್ಟಿಗೆ ಅಂಚಲ್ಲಿ ಸ್ವಲ್ಪ ಒದ್ದೆ ಆಯ್ತು. ಅವನು ನೋಡೋಕೆ ಮುಂಚೆ ಕಾಲಲ್ಲಿ ತಿರುವಿ ಹಾಕಿದೆ. ಮಾರನೇ ದಿನದಿಂದ ಕಡಿಮೆ ತುಂಬಿಸಿದೆ."

"ಅವನಿಗೆ ಗೊತ್ತಾ?"

"ಗೊತ್ತಿಲ್ಲ. ಗೊತ್ತಾದ್ರೆ ಅವನು ಆ ಗಳಿಗೇಲೇ ಇಳಿದುಬಿಡ್ತಾನೆ. ಇಳಿದ್ರೆ ಇನ್ನು ಹತ್ತೋದಿಲ್ಲ. ಅವನಿಗೆ ಬೇರೆ ಏನು ಬರುತ್ತೆ ಹೇಳು. ನಲವತ್ತು ದಿನ ಇದೆ ಕಣೇ. ಈ ಕಟ್ಟಡ ಮುಗಿದ ಮೇಲೆ ನಾನೇ ನಿಧಾನಕ್ಕೆ ಹೇಳ್ತೀನಿ. ನಲವತ್ತು ದಿನ ನಾನು ಹುಷಾರಾಗಿ ನಿಂತ್ಕೋತೀನಿ."

"ಎಲ್ಲಿ ನಿಂತ್ಕೋತೀರಿ? ಕೊಕ್ಕೆ ಬಿಚ್ಚೋಕೆ ಕೆಳಗೇ ಹೋಗಬೇಕಲ್ಲ."

ಅವರು ನನ್ನ ಮೊರದಿಂದ ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟರು. "ಅವನ ಕೈ ನನಗೆ ಗೊತ್ತು" ಎಂದರು.

ಇಪ್ಪತ್ತೆರಡು ವರ್ಷ ಜೊತೆಯಲ್ಲಿ ಬಾಳಿದ್ದೇನೆ. ಅವರು ಹೀಗೆ ತಲೆ ತಗ್ಗಿಸಿ ಮಾತಾಡಿದರೆ ಇನ್ನು ಮಾತಿಲ್ಲವೆಂದೇ ಅರ್ಥ. ನಾನು ಅಕ್ಕಿ ತೊಳೆದಿಟ್ಟು ಎದುರುಮನೆಗೆ ಹೋದೆ.

ತಮ್ಮ ಮೇಜಿನ ಮುಂದಿದ್ದ. ನೆಲೆಯ ಬೆನ್ನ ಮೇಲೆ ಈಗ ಹನ್ನೊಂದು ಹಡಗುಗಳು. ತುಂಬಾ ದೂರದ ಯಾತ್ರೆಗೆ ಜನ ಕೂಡಿದ್ದಾರೆ ಎಂದ. ಹಡಗಿನವರು ತಮ್ಮ ತಮ್ಮ ಮನೆಗಳಲ್ಲಿ ನಿದ್ದೆಗೆ ಹೋದರೂ ಹಡಗುಗಳು ಇವನ ಜೊತೆ ಹೋಗುತ್ತವಂತೆ. ಬೆಳಿಗ್ಗೆ ಎದ್ದು ನೋಡಿದರೆ ಬೇರೆ ಆಕಾಶ.

"ನಿನ್ನ ನಂಬಿ ಮಲಗ್ತಾರೆ" ಎಂದೆ.

"ಹೂಂ. ನಾನು ಇಂಧನ ನೋಡ್ಕೊಂಡ್ರೆ ಆಯ್ತು."

"ನಿನ್ನ ಕೈ ನಡುಗುತ್ತಾ?"

ಅವನು ತಿರುಗಿ ನೋಡಲಿಲ್ಲ. ಬಲಗೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡ, ಚಿಕ್ಕಂದಿನಲ್ಲಿ ಪೆಟ್ಟು ತಪ್ಪಿಸಿಕೊಳ್ಳಲು ಮಾಡುತ್ತಿದ್ದ ಹಾಗೆ.

"ಇಲ್ಲಿ ನಡುಗುತ್ತೆ ಅಕ್ಕ. ಲೋಟ ಹಿಡಿದ್ರೆ, ಗುಂಡಿ ಹಾಕಿಕೊಂಡ್ರೆ ನಡುಗುತ್ತೆ. ಮೇಲೆ ಹೋಗಿ ಕೂತ್ರೆ ಇಲ್ಲ. ನಿಜವಾಗ್ಲೂ ಇಲ್ಲ. ನೀನೇ ದಿನಾ ನೋಡ್ತೀಯಲ್ಲ, ಬಕೆಟ್ ಒಂದು ಹನಿ ಚೆಲ್ಲಿದೆಯಾ? ಚೆಲ್ಲಿದ ದಿನ ನಾನೇ ಇಳೀತೀನಿ. ನನ್ನ ಗುರುವಿಗೆ ಕೊಟ್ಟ ಮಾತು ಅದು. ಕೆಳಗೆ ಭಾವ ಇರೋವಾಗ ನಾನು ಹಾಗೆ ಮಾಡ್ತೀನಾ?"

ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ತನ್ನ ಕೈಯ ಮೇಲೆ ಅನುಮಾನ ಬಂದಿತ್ತು. ಆ ಅನುಮಾನವನ್ನು ದಿನಾ ಬೆಳಿಗ್ಗೆ ಆ ಬಕೆಟ್ಟಿನ ಮುಂದೆ ಇಟ್ಟು ಕೇಳುತ್ತಿದ್ದ. ನನ್ನ ಗಂಡ ಪ್ರೀತಿಯಿಂದ ಅದಕ್ಕೆ ಸುಳ್ಳು ಉತ್ತರ ತುಂಬಿಸಿ ಕಳಿಸುತ್ತಿದ್ದರು. ಅಲ್ಲೇ ಹೇಳಿಬಿಡಬಹುದಿತ್ತು. ಹೇಳಿದರೆ ಭಾವನ ಮೇಲಿನ ನಂಬಿಕೆ ಹೋಗುತ್ತದೆ. ನಂಬದೆಯೂ ಇರಬಹುದು, ಅಕ್ಕ ಹೆದರಿ ಕಟ್ಟಿದ ಮಾತು ಎಂದುಕೊಳ್ಳಬಹುದು. ಅವನು ನಂಬುವುದು ಇಟ್ಟಿಗೆಯನ್ನು ಮಾತ್ರ.

ಎದ್ದು ಬಂದೆ. ಬಾಗಿಲಲ್ಲಿ ಅವನ ಹೆಂಡತಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಯಾವಾಗಲೂ ಒಂದು ಕೊಂಕು ಸಿದ್ಧವಿರುವ ಆ ಬಾಯಲ್ಲಿ ಅಂದು ಬಂದದ್ದು ಇಷ್ಟೇ: "ಅತ್ತಿಗೆ, ಅಂಗಿ ಗುಂಡಿ ನಾನೇ ಹಾಕಿಕೊಡ್ತಿದ್ದೀನಿ. ಯಾರಿಗೂ ಹೇಳಬೇಡ ಅಂದಿದ್ರು."

ಶನಿವಾರ ನಾನು ಎಂದಿಗಿಂತ ಮುಂಚೆ ಎದ್ದೆ. ದೇವರ ಮುಂದೆ ಕೂತಾಗ ಏನು ಕೇಳಬೇಕೆಂದು ತಿಳಿಯಲಿಲ್ಲ. ಚೆಲ್ಲಲಿ ಎಂದು ಕೇಳಲೇ, ಚೆಲ್ಲದಿರಲಿ ಎಂದು ಕೇಳಲೇ? ಒಂದರಲ್ಲಿ ತಮ್ಮ ಹೋಗುತ್ತಾನೆ, ಇನ್ನೊಂದರಲ್ಲಿ ಗಂಡ. ಏನೂ ಕೇಳದೆ ಕೈ ಮಾತ್ರ ಮುಗಿದು ಎದ್ದೆ.

ನಮ್ಮವರು ಹಾಜರಿ ಹಾಕಲು ಮೇಸ್ತ್ರಿಯ ಹತ್ತಿರ ಹೋದಾಗ ನಾನೇ ಬಕೆಟ್ ನಲ್ಲಿಗಿಟ್ಟೆ. ಕಂಠಮಟ್ಟ ತುಂಬಿಸಿದೆ. ಸೆರಗಿನಿಂದ ಹೊರಭಾಗ ಒರೆಸಿದೆ. ನಡಿಗೆಯಲ್ಲಿ ಒಂದು ತೊಟ್ಟು ನೀರನ್ನೂ ಚೆಲ್ಲದೆ, ಎರಡು ಕೈಯಲ್ಲಿ ಹಿಡಿದು ಹೋಗಿ ಕೊಕ್ಕೆಯ ಕೆಳಗೆ ಇಟ್ಟೆ. ಸಿಕ್ಕಿಸಿದವಳೂ ನಾನೇ. ನಮ್ಮವರು ಓಡಿಬಂದಾಗ ತಡವಾಗಿತ್ತು. ವಾಕಿ-ಟಾಕಿಯಲ್ಲಿ ತಮ್ಮನ ದನಿ: "ಎತ್ತಲಾ ಭಾವ?"

ಅವರು ನನ್ನನ್ನು ನೋಡಿದರು. ನಾನೂ ನೋಡಿದೆ.

"ಎತ್ತು" ಎಂದರು.

ಬಕೆಟ್ ಏರಿತು. ಬಿಸಿಲಿಗೆ ನೀರಿನ ಅಂಚು ಹೊಳೆಯಿತು. ಒಂದು ಸುತ್ತು ಬಂದು ಇಟ್ಟಿಗೆಯ ನೇರಕ್ಕೆ ನಿಂತು, ಇಳಿಯತೊಡಗಿತು. ಇಬ್ಬರು ಹೆಣ್ಣಾಳುಗಳು ಇಟ್ಟಿಗೆ ಹೊರುವುದನ್ನು ನಿಲ್ಲಿಸಿ ನೋಡಿದರು. ಕೊನೆಯ ಒಂದಾಳು ಎತ್ತರದಲ್ಲಿ ಹಗ್ಗ ಜಗ್ಗಿತು. ನೀರು ಒಂದು ಬದಿಗೆ ನಾಲಿಗೆ ಚಾಚಿತು. ಕೆಂಪು ಇಟ್ಟಿಗೆಯ ಅರ್ಧ ಕಪ್ಪಾಯಿತು.

ವಾಕಿ-ಟಾಕಿ ಗರಗರ ಎಂದಿತು. ಆಮೇಲೆ ಅವನ ದನಿ ಬಂತು, ಸಣ್ಣಗೆ: "ಭಾವ, ಇನ್ನೊಂದು ಸಲ ತುಂಬಿಸಿ. ಬೇರೆ ಇಟ್ಟಿಗೆ ಇಡಿ."

ಎರಡನೆಯ ಸಲ ನಮ್ಮವರೇ ತುಂಬಿಸಿದರು. ಅವರ ಕೈ ನಲ್ಲಿಯ ಮೇಲೆ ಮುಕ್ಕಾಲಿಗೆ ತಡೆಯಿತು. ನಾನು ಪಕ್ಕದಲ್ಲೇ ನಿಂತಿದ್ದೆ. ಪೂರ್ತಿ ತುಂಬಿಸಿದರು. ಈ ಸಲ ಎರಡೂ ಇಟ್ಟಿಗೆ ಕಪ್ಪಾದವು.

"ನಿನ್ನೆವರೆಗೂ ಚೆಲ್ಲಿಲ್ಲ" ಎಂದ ಮೇಲಿನಿಂದ. ಮತ್ತೆ ಕೇಳಿದ: "ಎಷ್ಟು ತುಂಬಿಸ್ತಿದ್ರಿ ಭಾವ?"

ನಮ್ಮವರು ವಾಕಿ-ಟಾಕಿಯನ್ನು ಬಾಯಿಯವರೆಗೆ ಎತ್ತಿದರು. ಗುಂಡಿ ಒತ್ತಲಿಲ್ಲ.

ಏಣಿಯ ಮೇಲೆ ಅವನ ಕಾಲು ಕಾಣಿಸಿತು. ಆಕಾಶ ತಿಳಿಯಾಗಿತ್ತು, ಒಂದು ಎಲೆ ಅಲುಗುತ್ತಿರಲಿಲ್ಲ. ಯಾರೂ ಬಟ್ಟೆಯ ಮಾತೆತ್ತಲಿಲ್ಲ. ಮೇಸ್ತ್ರಿ ಕೂಗಿದ, ಲಾರಿ ಕಾಯ್ತಿದೆ ಎಂದ, ಬೈದ. ಅವನು ಮೆಟ್ಟಿಲು ಮೆಟ್ಟಿಲಿಗೂ ಎರಡು ಕೈಯಲ್ಲಿ ಹಿಡಿದು ಇಳಿದ. ಕೆಳಗೆ ಬಂದವನು ನೇರ ನನ್ನ ಅಂಗಡಿಯ ನಲ್ಲಿಗೆ ಹೋಗಿ ಮುಖ ತೊಳೆದ. ಮುಖ ಒರೆಸಿಕೊಳ್ಳದೆಯೇ ಭಾವನ ಎದುರಿಗೆ ನಿಂತ.

"ಎಷ್ಟು ದಿನ?"

"ಎರಡು ತಿಂಗಳು."

"ಎರಡು ತಿಂಗಳು ನೀವು ಅದರ ಕೆಳಗೇ ನಿಂತಿದ್ರಿ."

"ನಿಂತಿದ್ದೆ."

"ಉಳಿದವರೂ ಇದ್ರು" ಎಂದ ತಮ್ಮ, ಆ ಹೆಣ್ಣಾಳುಗಳ ಕಡೆ ನೋಡಿ. "ನಿಮ್ಮ ತಲೆ ನಿಮ್ಮದು. ಅವರದ್ದು ಯಾರು ಕೇಳಿದ್ರು?"

ನಮ್ಮವರಿಗೆ ಇದು ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ ಎಂದು ಇಲ್ಲಿ ಬರೆಯಲೇಬೇಕು. ಅಷ್ಟು ದಿನ ನಾನು ದೇವರ ಮುಂದೆ ಇಟ್ಟದ್ದು ಒಂದೇ ತಲೆ.

ಅವನು ಮತ್ತೆ ಕ್ರೇನು ಹತ್ತಲಿಲ್ಲ. ವೈದ್ಯರು ಕೈ ಚಾಚಿಸಿ ನೋಡಿದರು, ಸುರುಳಿ ಬರೆಸಿ ನೋಡಿದರು. ಮಾತ್ರೆ ಕೊಟ್ಟರು. ಕಡಿಮೆ ಮಾಡಬಹುದು, ಹೋಗುವುದಿಲ್ಲ, ವರ್ಷ ಕಳೆದಂತೆ ಹೆಚ್ಚಬಹುದು ಎಂದರು. ಅವನ ಹೆಂಡತಿ ಇಸ್ತ್ರಿಯ ಕೆಲಸಕ್ಕೆ ಇನ್ನೊಂದು ಪಾಳಿ ಸೇರಿಸಿಕೊಂಡಳು. ಅವನು ಮನೆಯಲ್ಲಿ ಅಡುಗೆ ಕಲಿಯುತ್ತಿದ್ದಾನೆ. "ಸಾರಿಗೆ ಉಪ್ಪು ಹಾಕೋಕೆ ಅವರಷ್ಟು ಚೆನ್ನಾಗಿ ಯಾರಿಗೂ ಬರಲ್ಲ ಅತ್ತಿಗೆ, ಕೈ ತಾನೇ ಉದುರಿಸುತ್ತೆ" ಎನ್ನುತ್ತಾಳೆ. ಅವನೂ ನಗುತ್ತಾನೆ. ನಮ್ಮವರೊಂದಿಗೆ ಮಾತ್ರ ಮಾತಿಲ್ಲ. ಎದುರುಬದುರು ಬಾಗಿಲು, ಒಬ್ಬರು ತೆರೆದರೆ ಇನ್ನೊಬ್ಬರು ಕಾಯುತ್ತಾರೆ.

ಭಾನುವಾರ ಮಧ್ಯಾಹ್ನ ಈಗ ನಾನೊಬ್ಬಳೇ ಹೋಗುತ್ತೇನೆ. ಕನ್ನಡಕದಂಗಡಿಯವರು ಅಲ್ಲಿ ಸಿಕ್ಕಿದರೆ ಹಳೆಯ ವಾದ ಶುರುಮಾಡುತ್ತಾರೆ. ಆ ನೆಲೆ ಇಟ್ಟುಕೊಂಡು ಲಾಭವೇನು, ಮಾರಿದರೆ ನಾಲ್ಕು ಒಳ್ಳೆಯ ಹಡಗು ಬರುತ್ತವೆ, ವಾರವಾರದ ಖರ್ಚು ಉಳಿಯುತ್ತದೆ, ನಾವೂ ಇಂಧನ ಹೊರುವುದು ತಪ್ಪುತ್ತದೆ. ಲೆಕ್ಕ ಸರಿಯೇ. ಒಬ್ಬಂಟಿಯಾಗಿ ಆಡುವವನಿಗೆ, ಕೈ ಗಟ್ಟಿಯಿರುವವನಿಗೆ, ಅದು ಸುಮ್ಮನೆ ದಂಡ ಎಂದು ನನಗೂ ಅನ್ನಿಸುತ್ತದೆ. ಹದಿನೈದು ನಿಮಿಷ ಕಾದು ಒಂದು ಬೆಳಕು ನೋಡುವುದಕ್ಕೆ ಎರಡು ವರ್ಷ ಯಾಕೆ ದುಡಿಯಬೇಕು?

ಒಂದು ಭಾನುವಾರ ಯಾತ್ರೆಯ ಹೊತ್ತು. ಬೆನ್ನ ಮೇಲೆ ಹದಿನಾಲ್ಕು ಹಡಗು. ಎಣಿಕೆ ಇಳಿಯುತ್ತಿತ್ತು. ಅವನು ಎರಡು ಕೈಗಳನ್ನೂ ತೊಡೆಯ ಮೇಲೆ ತೆರೆದಿಟ್ಟಿದ್ದ. ಬಲಗೈ ತನ್ನ ಪಾಡಿಗೆ ತಾನು ನಡುಗುತ್ತಿತ್ತು, ಅವನು ಅದನ್ನು ಬಚ್ಚಿಡುತ್ತಿರಲಿಲ್ಲ. ಕ್ರೇನಿನ ಕೆಳಗಿನ ತಲೆಗಳನ್ನು ನೋಡಿ ನೋಡಿ ಬಂದ ಅಭ್ಯಾಸಬಲದಿಂದ ನಾನು ಕೇಳಿಬಿಟ್ಟೆ: "ಕೆಳಗೆ ಯಾರಿದ್ದಾರೆ?"

"ಯಾರೂ ಇಲ್ಲ ಅಕ್ಕ. ಅಲ್ಲಿ ಕೆಳಗೆ ಅನ್ನೋದೇ ಇಲ್ಲ."

ಅವನು ಅದನ್ನು ಮಾರುವುದಿಲ್ಲ. ನಾನೂ ಮಾರು ಎನ್ನುವುದಿಲ್ಲ.

ಕಟ್ಟಡಕ್ಕೆ ಹೊಸ ಕ್ರೇನಿನವನು ಬಂದಿದ್ದಾನೆ. ಇಪ್ಪತ್ತಾರರ ಹುರುಪು, ಎಲ್ಲರಿಗೂ ಅಡ್ಡಹೆಸರಿಟ್ಟು ಕರೆಯುತ್ತಾನೆ, ನನಗೆ ಚಹಾದವ್ವ ಎನ್ನುತ್ತಾನೆ. ಬಂದ ಮೊದಲ ದಿನ ಲೋಟ ಕೊಡುವಾಗ ಅವನ ಕೈ ನೋಡಿದೆ. ಕಲ್ಲಿನ ಹಾಗಿದೆ. ಕುದಿಯುವ ಚಹಾ ತುಂಬಿ ಕೊಟ್ಟರೂ ಅಂಚು ಕದಲಲಿಲ್ಲ. ಮನಸ್ಸು ಹಗುರವಾಗಬೇಕಿತ್ತು.

ಆದರೆ ಅವನ ಒಂದು ಕಿವಿಯಲ್ಲಿ ಯಾವಾಗಲೂ ಹಾಡು ಕೇಳುವ ಬಿಳಿ ಬಿಲ್ಲೆ ಇರುತ್ತದೆ. ಏಣಿ ಹತ್ತುವಾಗಲೂ ತೆಗೆಯುವುದಿಲ್ಲ. "ಇನ್ನೊಂದು ಕಿವಿ ಖಾಲಿ ಇದೆಯಲ್ಲ ಚಹಾದವ್ವ, ಅದು ನಿಮ್ಮ ಯಜಮಾನರಿಗೆ" ಎಂದು ನಕ್ಕ. ನಮ್ಮವರು ಮೇಸ್ತ್ರಿಗೆ ಹೇಳಿದರು. ಮೇಸ್ತ್ರಿ, ಹುಡುಗ ದಿನಕ್ಕೆ ಹತ್ತು ಕಂತೆ ಜಾಸ್ತಿ ಎತ್ತುತ್ತಾನೆ, ನಿಮ್ಮ ಅಟ್ಟದಣ್ಣನ ಹಾಗಲ್ಲ ಎಂದನಂತೆ.

ಇಂದು ಬೆಳಿಗ್ಗೆ "ಸಾಕು" ಎಂಬ ಮಾತನ್ನು ನಮ್ಮವರು ಎರಡು ಸಲ ಹೇಳಬೇಕಾಯಿತು. ನಾನು ಒಲೆಯ ಮುಂದೆ ನಿಂತು ಎಣಿಸಿದೆ. ಮಧ್ಯಾಹ್ನ ಮೂರು ಸಲ.